ಕೋಗಿಲೆ ಅಧ್ಯಯನಕ್ಕೆ ದಿವಂಗತ ಜಟ್ಟು ಅವರ ಕೊಡುಗೆ

ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಮರಿಯನ್ನು ಕಾಗೆ ಸಾಕುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದಲೇ ಇದನ್ನು ದೃಢಪಡಿಸಲು ಕಾರವಾರದಲ್ಲಿ ಒಂದು ಕಚೇರಿ ತೆರೆಯಲಾಯಿತು. ಅದಕ್ಕೆ ಮುಖ್ಯಸ್ಥನಾಗಿ ನನ್ನನ್ನು ನೇಮಿಸಲಾಯಿತು. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕೋಗಿಲೆಯನ್ನು ಮೊದಲು ಕಂಡದ್ದು ಪ್ರಶ್ನೆಪತ್ರಿಕೆಯಲ್ಲಿ.

ಅಧಿಕಾರ ವಹಿಸಿಕೊಂಡ ದಿನವೇ ನಿಯಮ ಒಂದನ್ನು ಹೊರಡಿಸಿದೆ: 'ಯಾವುದೇ ಕಾಡುಹಕ್ಕಿಯ ಗೂಡಿಗೆ ಕಿಂಚಿತ್ತೂ ತೊಂದರೆಯಾಗಕೂಡದು.' ಹೀಗಾಗಿ ಮರ ಹತ್ತುವುದು ನಿಂತಿತು. ಸುಂಕಸಾಳದ ಸುಕ್ರಿ ಎಂಬವರ ಅಂಗಳದ ಇಷಾಡು ಮಾವಿನ ಮರದಲ್ಲಿ ಕಾಗೆಗೂಡು ಇರುವುದು ತಿಳಿದು, ನಾನೂ ಸಹಾಯಕ ಉಮೇಶನೂ ನೂರು ಮೀಟರ್ ದೂರದಲ್ಲಿ ದುರ್ಬೀನು ಹಿಡಿದು ಕೂತೆವು. ಮೂರನೆಯ ದಿನ ಕಾಗೆ ತಿರುಗಿ ನಮ್ಮನ್ನೇ ನೋಡಿತು. ದಿಟ್ಟಿಸುವುದೂ ತೊಂದರೆಯೇ ಎಂದು ನನಗೆ ಮನವರಿಕೆಯಾಯಿತು. ನಿಯಮ ನಾಲ್ಕು ಜಾರಿಗೆ ಬಂತು: 'ವೀಕ್ಷಕರು ಗೂಡಿಗೆ ಬೆನ್ನು ಹಾಕಿ ಕೂರತಕ್ಕದ್ದು.' ಮುಂದಿನ ಹದಿನೆಂಟು ದಿನ ನಾವು ಹೆದ್ದಾರಿಯನ್ನು ವೀಕ್ಷಿಸಿದೆವು. ಯಲ್ಲಾಪುರದ ಕಡೆ ಹೋಗುವ ಲಾರಿಗಳ ಬಗ್ಗೆ ನಮ್ಮ ಕಚೇರಿಯಲ್ಲಿ ಈಗ ಒಳ್ಳೆಯ ಮಾಹಿತಿ ಇದೆ.

ಮನೆಯವರಿಗೂ ನಿಯಮಗಳಿದ್ದವು. ಮಾವು ಕೊಯ್ಯಕೂಡದು. ಅಂಗಳದಲ್ಲಿ ತಲೆ ಎತ್ತಕೂಡದು, ಇದು ಆರನೆಯದು. ವೀಕ್ಷಣೆಯಲ್ಲಿರುವ ಹಕ್ಕಿಗೆ ಆಹಾರ ಕೊಡಕೂಡದು, ಇದು ಏಳನೆಯದು. ಹಣ್ಣು ಬಿದ್ದು ಕೊಳೆತಾಗ ಸುಕ್ರಿ ಏನೂ ಹೇಳಲಿಲ್ಲ. ಏಳನೆಯದಕ್ಕೆ ಮಾತ್ರ ನನ್ನನ್ನು ಹುಡುಕಿಕೊಂಡು ಬಂದರು.

"ಸರ್ರೆ, ಬುಧವಾರ ನಮ್ಮನೆಯವ್ರದ್ದು ವರ್ಷದ ದಿವ್ಸ. ಎಡೆ ಇಡ್ಬೇಕು. ಕಾಗೆ ಮುಟ್ಟೂಕೆ ಬೇಕಲ್ರಾ."

"ಕಾಗೆಗೆ ಆಹಾರ ಕೊಡುವಂತಿಲ್ಲ."

"ಕಾಗೆಗೆ ಯಾರು ಕೊಡ್ತಾರೆ? ನಾ ಕೊಡೂದು ನಮ್ಮನೆಯವ್ರಿಗೆ. ಬದ್ಕಿದ್ದಾಗ ಬಂಗಡೆ ಸಾರು ಒಂದ್ ಗಳಿಗೆ ತಡ ಆದ್ರೆ ಊರಿಗೇ ಕೇಳೂ ಹಾಂಗೆ ಕೂಗ್ತಿದ್ರು. ಈಗ ಒಂದು ವರ್ಷ ಕಾದಾರೆ. ಕಾಗೆ ಮುಟ್ಟದಿದ್ರೆ ಅವ್ರು ಉಪಾಸವೇ."

"ಬೇರೆ ಕಾಗೆ ಇಲ್ಲವೇ?"

"ಆ ಗೂಡಿನ ಜೋಡಿ ಬೇರೆ ಕಾಗೆಗೆ ಬರೂಕೆ ಬಿಟ್ರೆ ಅಲ್ರಾ? ನೀವೇ ಇಷ್ಟ್ ದಿನದಿಂದ ನೋಡ್ತೇ ಇದ್ರಲ್ಲ."

ನಾನು ಲಾರಿಗಳ ವಿಷಯ ಎತ್ತಲಿಲ್ಲ. ಸುಕ್ರಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದಕ್ಕೆ ನನ್ನ ನಿಯಮಾವಳಿಯಲ್ಲಿ ಜಾಗವಿರಲಿಲ್ಲ.

ಎರಡು ದಿನ ಯೋಚಿಸಿ ತಿದ್ದುಪಡಿ ಹೊರಡಿಸಿದೆ. '7(ಅ): ಆಹಾರದ ಫಲಾನುಭವಿ ಮೃತ ವ್ಯಕ್ತಿಯಾಗಿದ್ದು, ಹಕ್ಕಿಯು ಅವರ ಪರವಾಗಿ ಮಾತ್ರ ಸ್ವೀಕರಿಸುತ್ತಿದ್ದಲ್ಲಿ ನಿಷೇಧ ಅನ್ವಯಿಸುವುದಿಲ್ಲ. ಫಲಾನುಭವಿಯ ಸಹಿ ಕಡ್ಡಾಯ.'

ಉಮೇಶ ಅರ್ಜಿ ನಮೂನೆ ಹಿಡಿದು ಹೋದ.

"ಅವ್ರಿಗೆ ಬದ್ಕಿದ್ದಾಗೇ ಸಹಿ ಹಾಕೂಕೆ ಬರ್ತಿರ್ಲಿಲ್ಲ" ಎಂದರು ಸುಕ್ರಿ.

"ಹೆಬ್ಬೆಟ್ಟಾದ್ರೂ ಅಡ್ಡಿಲ್ಲ ಅಕ್ಕಾ."

ಹಳೆಯ ಪಡಿತರ ಅರ್ಜಿಯೊಂದರಲ್ಲಿ ಸುಕ್ರಿಯವರ ಗಂಡ ಜಟ್ಟು ಅವರ ಹೆಬ್ಬೆಟ್ಟು ಸಿಕ್ಕಿತು. ಅದರ ಜೆರಾಕ್ಸ್ ಲಗತ್ತಿಸಿ, ನೈಜ ಪ್ರತಿ ಎಂದು ನಾನೇ ದೃಢೀಕರಿಸಿದೆ.

ಬುಧವಾರ ಮರದ ಬುಡದಲ್ಲಿ ಬಾಳೆಲೆ ಹಾಕಿ ಅನ್ನ, ಬಂಗಡೆ ಸಾರು ಬಡಿಸಲಾಯಿತು. ಪಕ್ಕದಲ್ಲಿ ಕಲ್ಲಿನ ಕೆಳಗೆ ನನ್ನ ಅನುಮತಿ ಪತ್ರ. ನಾನೂ ಉಮೇಶನೂ ಜಗಲಿಯಲ್ಲಿ ಬೆನ್ನು ಹಾಕಿ ಕೂತೆವು. ಒಂದು ಗಂಟೆ ಕಳೆಯಿತು. ಕಾಗೆ ಬರಲಿಲ್ಲ. ಸಾರಿನ ಮೇಲೆ ಎಣ್ಣೆ ಕಟ್ಟಿತು.

"ನಿಮ್ಮ ಕಾಗ್ದ ಗಾಳಿಗೆ ಪಟಪಟ ಅಂತದೆ. ಅದ್ಕೇ ಹೆದ್ರದ್ರು" ಎಂದರು ಸುಕ್ರಿ. "ಎಂತ ಪಾಪ ಮಾಡಿದ್ನೇನ. ಸತ್ತ್ ಮೇಲೂ ಅವ್ರಿಗೆ ತಡವೇ ಆಯ್ತು."

ಉಮೇಶ ನನ್ನ ಮುಖ ನೋಡಿದ. ನಾನು ಎದ್ದು, ನಿಯಮ ಮೀರದಂತೆ ಹಿಮ್ಮುಖವಾಗಿ ನಡೆದು, ಒಮ್ಮೆ ಮಾವಿನ ಹಣ್ಣು ತುಳಿದು ಬಿದ್ದು, ನನ್ನ ಆದೇಶವನ್ನು ನನ್ನ ಕೈಯಾರೆ ತೆಗೆದು ಜೇಬಿಗಿಟ್ಟುಕೊಂಡೆ.

"ಬಂದ್ರು!" ಎಂದರು ಸುಕ್ರಿ, ಸ್ವಲ್ಪ ಹೊತ್ತಿನಲ್ಲಿ. "ಅನ್ನ ಮುಟ್ಲೇ ಇಲ್ಲ ನೋಡಿ. ಬಂಗಡೆನೇ ತಕಂಡ್ರು." ಅಳುತ್ತಲೇ ನಕ್ಕರು.

"ಎಲ್ಲಿಗೆ ಹೋದರು?" ಎಂದೆ ಹೆದ್ದಾರಿ ನೋಡುತ್ತ.

"ಗೂಡಿಗೆ. ಮರಿ ಬಾಯಿಗೆ ಹಾಕದ್ರು. ಕೋಗಿಲೆ ಮರಿ ಬಾಯಿಗೆ."

"ಕೋಗಿಲೆ ಮರಿಯೇ? ನಿಮಗೆ ಹೇಗೆ ಗೊತ್ತು?"

"ರೆಕ್ಕೆ ಮೇಲೆ ಬಿಳಿ ಚುಕ್ಕಿ ಅದೆಯಲ್ರಾ. ನಾಕೈದು ದಿನ ಆಯ್ತು ಕಂಡು."

"ನೀವು ತಲೆ ಎತ್ತಿದಿರಾ?"

"ಮತ್ತೆ ಬಟ್ಟೆ ಒಣಗ್ಸೂದು ಹ್ಯಾಂಗ್ರಾ?"

"ಯಜಮಾನರ ಊಟ ಬೇರೆಯವರ ಮರಿಗೆ ಹೋಯಿತಲ್ಲ, ಬೇಸರವಿಲ್ಲವೇ?"

"ಎಂತಕೆ ಬೇಸರ? ಅವ್ರು ಯಾವಾಗ್ಲೂ ಹಾಂಗೇ. ಆಚೆಮನೆ ಹುಡುಗ್ರು ಬಂದ್ರೆ ತಮ್ಮ ತಾಟಿನ ಮೀನೇ ತೆಗ್ದು ಹಾಕ್ತಿದ್ರು."

ವರದಿ ಬರೆಯುವಾಗ 'ವೀಕ್ಷಕರು' ಎಂಬ ಅಂಕಣ ಎದುರಾಯಿತು. ನಾನು ನೋಡಿಲ್ಲ, ಉಮೇಶ ನೋಡಿಲ್ಲ. ಸುಕ್ರಿ ನೋಡಿದ್ದು ನಿಯಮಬಾಹಿರ. ಗೂಡಿನ ಹತ್ತಿರ ಸಕ್ರಮವಾಗಿ, ಲಿಖಿತ ಅನುಮತಿಯೊಂದಿಗೆ ಹೋದವರು ಒಬ್ಬರೇ. ಆದ್ದರಿಂದ ಬರೆದೆ: 'ವೀಕ್ಷಕರು: ದಿ. ಜಟ್ಟು, ಸುಂಕಸಾಳ. ಕಂಡದ್ದು: ಕಾಗೆಗೂಡಿನಲ್ಲಿ ಕೋಗಿಲೆ ಮರಿ ಒಂದು. ಗೂಡಿಗೆ ಆದ ತೊಂದರೆ: ಶೂನ್ಯ. ಹೆಬ್ಬೆಟ್ಟು ಲಗತ್ತಿಸಿದೆ.'

ಒಂದೇ ವಾರದಲ್ಲಿ ಮೇಲಿನ ಸಮಿತಿಯಿಂದ ಮೆಚ್ಚುಗೆ ಬಂತು. ಮುಂದಿನ ಹಂಗಾಮಿನಿಂದ ಗೂಡಿನ ಸಮೀಪದ ವೀಕ್ಷಣೆಗೆ ಈ ವರ್ಗದವರನ್ನೇ, ಅಂದರೆ ದಿವಂಗತರನ್ನೇ, ಆದ್ಯತೆಯ ಮೇಲೆ ನೇಮಿಸತಕ್ಕದ್ದು, ಸಂಭಾವನೆ ವರ್ಷಕ್ಕೊಂದು ಎಡೆ, ಎಂದು ಆದೇಶವಾಯಿತು. ಓದಿ ಹೇಳಿದಾಗ ಸುಕ್ರಿ, "ಬಂಗಡೆ ಅಂತ ಸಮಾ ಬರೀರಿ. ಬರೇ ಎಡೆ ಅಂದ್ರೆ ಅವ್ರು ಬರೂದಿಲ್ಲ" ಎಂದರು. ಬರೆಯಲಾಯಿತು.

ಬರುವ ಮಾರ್ಚ್‌ನಲ್ಲಿ ನನ್ನ ನಿವೃತ್ತಿ. ಅಧ್ಯಯನದಲ್ಲಿ ಮುಂದುವರಿಸಬೇಕೆಂದು ಅರ್ಜಿ ಹಾಕಿದ್ದೆ. ಉತ್ತರ ಬಂದಿದೆ: 'ತಾವು ಪ್ರಸ್ತುತ ಅರ್ಹತೆ ಹೊಂದಿರುವುದಿಲ್ಲ. ಅರ್ಹತೆ ಪಡೆದ ಕೂಡಲೇ ಸಂಪರ್ಕಿಸಬಹುದು.' ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಿಲ್ಲ.

ವಿಷಯ ತಿಳಿದು ಸುಕ್ರಿ ಕೇಳಿದ್ದು ಇಷ್ಟೇ: "ನಿಮ್ಗೆ ಎಂತ ಮೀನು ಆಗ್ತದ್ರಾ?"

ಬಂಗಡೆ ಅಡ್ಡಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಹೆಬ್ಬೆಟ್ಟನ್ನೂ ಈಗಲೇ ಒತ್ತಿದ್ದೇನೆ.