ಮೆತ್ತಗೆ ಮಾತಾಡಿ ಎಂಬ ಆದೇಶ

ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ನಲ್ಲಿ ನೀರು ತಪ್ಪಿದರೂ ತಪ್ಪೀತು, ಸಿಬ್ಬಂದಿಯ ಮೇಲಿನ ದೂರು ತಪ್ಪುವುದಿಲ್ಲ. ಊರಿನ ಹೆಸರು ಬೇಡ. ಕೂಡ್ಲಿಗಿಗೂ ಹಡಗಲಿಗೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ಆ ದೂರುಗಳನ್ನು ವಿಚಾರಿಸುವ ಗುಮಾಸ್ತ ನಾನು.

ಹೊಸದಾಗಿ ಬಂದ ಮುಖ್ಯಾಧಿಕಾರಿ ಸಾಹೇಬರು ದೂರು ಕೇಳಿ ಕೇಳಿ ಬೇಸತ್ತು ಒಂದು ಆದೇಶ ಹೊರಡಿಸಿದರು. ಎಲ್ಲರೂ ಜನರೊಂದಿಗೆ ಮೆತ್ತಗೆ, ಮರ್ಯಾದೆಯಿಂದ ಮಾತಾಡಬೇಕು. ದೂರು ಬಂದರೆ ಬಡ್ತಿಯೂ ಇಲ್ಲ, ಖಾಯಮೂ ಇಲ್ಲ. ಎಲ್ಲರಿಗಿಂತ ಹೆಚ್ಚು ಬೆವೆತವನು ನಮ್ಮ ನೀರಗಂಟಿ. ಓಣಿ ಓಣಿಗೆ ನೀರು ಬಿಡುವವನು. ವರ್ಷಗಟ್ಟಲೆ ದಿನಗೂಲಿ ಮಾಡಿದ ಮೇಲೆ ಅವನನ್ನು ಖಾಯಂ ಮಾಡುವ ಫೈಲು ಆಗಷ್ಟೇ ಸಾಹೇಬರ ಮೇಜಿಗೆ ಬಂದಿತ್ತು. ನೀರು ಬಂತೆಂದು ಮನೆ ಮನೆಗೂ ಕೂಗಿ ಹೇಳುವ ಅವನ ದನಿಯೋ, ಇಲ್ಲಿ ಕೂಗಿದರೆ ಹಂಪಸಾಗರದ ಹೊಳೆ ದಂಡೆಯಲ್ಲಿ ಕೊಕ್ಕರೆ ಏಳಬೇಕು.

ನಕ್ಕ ಬಿಲ್ ಕಲೆಕ್ಟರ್

ಆದೇಶವನ್ನು ಮೊದಲು ಪಾಲಿಸಿದವನು ಕಂದಾಯದ ಬಿಲ್ ಕಲೆಕ್ಟರ್. ಹುಟ್ಟಿದಾಗಿನಿಂದ ಮುಖ ಗಂಟಿಕ್ಕಿಕೊಂಡೇ ಇದ್ದ ಆಸಾಮಿ. ಮರುದಿನ ಒಂದು ಕಿರಾಣಿ ಅಂಗಡಿಗೆ ಹೋಗಿ ಕೈ ಮುಗಿದು, ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಿ, ಹಲ್ಲು ಕಿರಿದು ಬಂದನಂತೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯವರು ನನ್ನ ಮುಂದೆ ಹಾಜರು.

"ಖರೇ ಹೇಳ್ರಿ, ನಮ್ಮ ಅಂಗಡಿ ಏನಾರ ಕೆಡವ್ತೀರೇನು? ಅಂವ ನಮ್ಮನ್ನ ನೋಡಿ ಯಾವತ್ತೂ ನಕ್ಕಾಂವಲ್ಲ."

ಎಷ್ಟು ಹೇಳಿದರೂ ನಂಬಲಿಲ್ಲ. ಸಂಜೆಯೊಳಗೆ ಚರಂಡಿಯ ಮೇಲೆ ಚಾಚಿದ್ದ ತಗಡಿನ ಚಪ್ಪರವನ್ನು ತಾವೇ ಬಿಚ್ಚಿಸಿದರು. ಅದಕ್ಕಾಗಿ ನಾವು ನೋಟಿಸು ಕೊಟ್ಟು ಕೊಟ್ಟು ಸೋತಿದ್ದೆವು.

ಯಾರ ಪೈಕಿ?

ಗುಡೇಕೋಟೆ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಕುರಿ ಸಾಕುವ ಯಜಮಾನರೊಬ್ಬರು ಜನನ ಪ್ರಮಾಣಪತ್ರದ ಗುಮಾಸ್ತನ ಮೇಲೆ ದೂರು ತಂದರು. ಮೊಮ್ಮಗಳ ಸರ್ಟಿಫಿಕೇಟು ಕೇಳಿದರೆ ದಿನಾ ನಾಳೆ ಬಾ ಅನ್ನುತ್ತಾನಂತೆ. ಇಬ್ಬರನ್ನೂ ಎದುರುಬದುರು ಕೂರಿಸಿದೆ. ನಮ್ಮ ಕಡೆ ಜಗಳಕ್ಕೂ ಮೊದಲು ಯಾವೂರು, ಯಾರ ಪೈಕಿ ಅಂತ ಕೇಳಲೇಬೇಕಲ್ಲ, ಕೇಳಿಕೊಂಡರು. ಮಂಡಕ್ಕಿ ಮಿರ್ಚಿ ಬರುವಷ್ಟರಲ್ಲಿ ಗುಮಾಸ್ತನ ಹೆಂಡತಿಯ ತವರು ಯಜಮಾನರಿಗೆ ಬೀಗರ ಮನೆ ಎಂದು ಪತ್ತೆಯಾಯಿತು. ದೂರು ವಾಪಸ್.

ಹೊರಗೆ ಹೊರಟವರನ್ನು ನಿಲ್ಲಿಸಿ ಸರ್ಟಿಫಿಕೇಟ್ ಸಿಕ್ಕಿತೇ ಎಂದೆ.

"ಎಲ್ಲೀದ್ರಿ," ಅಂದರು ಬೇಸರದಿಂದ. "ಮೊದ್ಲಾದ್ರ ಬೈದು ಕೇಳ್ತಿದ್ದೆ. ಈಗ ಬೀಗರು, ಹೆಂಗ ಕೇಳ್ಲಿ?"

ವಿಚಾರಣೆ

ಕೊನೆಗೆ ನಾವು ಹೆದರಿದ್ದೇ ಆಯಿತು. ಮಲ್ಲಿಗೆ ಕಟ್ಟಿ ಮಾರುವ ಅಜ್ಜಿಯೊಬ್ಬಳ ಮನೆಗೆ ದಾವಣಗೆರೆಯಿಂದ ಅಪರೂಪಕ್ಕೆ ಅಳಿಯ ಬಂದಿದ್ದ. ನೀರಗಂಟಿ ಅಂಗಳದಲ್ಲಿ ನಿಂತು "ಏ ಮುದುಕೀ" ಎಂದು ಅಬ್ಬರಿಸಿದ್ದನ್ನು ಕೇಳಿ ಸೀದಾ ದೂರು ಕೊಟ್ಟ. ಸಾಹೇಬರು ಫೈಲನ್ನು ಪಕ್ಕಕ್ಕೆ ಸರಿಸಿ ವಿಚಾರಣೆಗೆ ದಿನ ಇಟ್ಟರು. ಅಲ್ಲಿಯವರೆಗೆ ನೀರಗಂಟಿ ತುಟಿ ಪಿಟಕ್ಕೆನ್ನದೆ ನೀರು ಬಿಟ್ಟು ಬಂದ.

ವಿಚಾರಣೆಯ ದಿನ ಅಜ್ಜಿ ಸಿಟ್ಟಿನಿಂದಲೇ ಬಂದು ಕೂತಳು. ಇವನ ಕಥೆ ಮುಗಿಯಿತು ಅಂದುಕೊಂಡೆ. ಇವನು ನಿಮಗೆ ಬೈಯುತ್ತಾನೆಯೇ ಎಂದು ಸಾಹೇಬರು ಮೆತ್ತಗೆ, ಮರ್ಯಾದೆಯಿಂದ ಕೇಳಿದರು. ಅಜ್ಜಿ ಮಿಕಮಿಕ ನೋಡಿದಳು. ನಾನು ಕೇಳಿದೆ, ಅಳಿಯ ಕೇಳಿದ. ಅವಳಿಗೆ ಒಂದೂ ಕೇಳಿಸಲಿಲ್ಲ. ಕಿವಿ ಪೂರ್ತಿ ಮಂದ. ಸಾಹೇಬರು ಸೋತು ನೀರಗಂಟಿಯ ಕಡೆ ನೋಡಿ, ನೀನೇ ಕೇಳಪ್ಪಾ ಅಂದರು.

"ಏ ಮುದುಕೀ! ನೀರ್ ಬಿಡುವಾಗ ನಾನು ನಿನಗ ಬೈತೀನೇನು ಅಂತ ಸಾಹೇಬ್ರು ಕೇಳಾಕತ್ತಾರ!"

ಕಿಟಕಿ ಗಾಜು ನಡುಗಿತು. ಅಜ್ಜಿಯ ಮುಖ ಅರಳಿತು, ಮರುಕ್ಷಣ ಸಿಟ್ಟು ಬಂತು.

"ಎಲ್ಲಿ ಬೈದಿಯೋ ಮೂಳ? ಎರಡ್ ಸಲ ನೀರ್ ಬಿಟ್ಟಿ, ಒಮ್ಮೆನಾದ್ರೂ ಕೂಗಿದಿ? ನಿನ್ನ ದನಿ ಬಿಟ್ರ ನನಗ ಯಾರ್ದು ಕೇಳ್ತೈತಿ? ನನ್ನ ಕೊಡ ಬತ್ತಿ ಹೋಗ್ಯಾವು. ಸಾಹೇಬ್ರ, ಇವ್ನಿಗೆ ಮೊದಲಿನಂಗ ಕೂಗಾಕ ಹೇಳ್ರಿ."

ಅಳಿಯ ನೆಲ ನೋಡಿದ. ನೀರಗಂಟಿ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಹೊರಗೆ ಗದ್ದಲ. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಹಿಂದಿನ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಲ್ಲಿಗಳ ಮುಂದೆ ಸಾಲುಗಟ್ಟಿದ್ದರು. ಆ ಕೂಗು ಕೇಳಿ ನೀರು ಬಂತು ಅಂದುಕೊಂಡಿದ್ದರು.

ಸಾಹೇಬರು ಫೈಲನ್ನು ಹತ್ತಿರ ಎಳೆದುಕೊಂಡು ಸಹಿ ಹಾಕಿದರು. "ಖಾಯಂ ಆದೆ, ಹೋಗಪ್ಪಾ. ಮೊದಲು ಆ ಓಣಿಗೆ ನೀರು ಬಿಡು. ಇಲ್ಲದಿದ್ರೆ ಮುಂದಿನ ದೂರು ನನ್ನ ಮೇಲೇ ಬರುತ್ತೆ."