ಇದ್ದಾರಾ ಅಂತ ಕೇಳಿದರೆ ಮಾಯವಾಗುವವರು

ರಾಯದುರ್ಗದ ಜೀನ್ಸ್ ಕಾರ್ಖಾನೆಗೆ ಮೊದಲ ಕಂಪ್ಯೂಟರ್ ತಂದವನು ನಾನೇ. ಸುಳ್ಳು. ಆಟೋದಿಂದ ಇಳಿಸಿದೆ, ಅಷ್ಟೇ. ಅದೂ ನನ್ನ ಕೈಲಿದ್ದದ್ದು ಬರೀ ವೈರು. ಆದರೆ ಅದು ಬಂದ ಮೇಲೆ ನಮ್ಮಲ್ಲಿ ನಗುವಿಗೆ ಬರ ಬಂದಿಲ್ಲ. ಇದು ನಿಜ.

೧. ಮೂರು ಚೀಟಿ

ಅರ್ಧ ದಿನ ರಜೆ ಕೇಳಿದವರ ಹೆಸರು ಕಂಪ್ಯೂಟರಿಗೆ ಹೋಗುತ್ತಿತ್ತು. ಮಧ್ಯಾಹ್ನ ಸೂಪರ್‌ವೈಸರ್ ಒಂದೊಂದೇ ಹೆಸರು ಕರೆದು ಗೇಟ್ ಚೀಟಿ ಕೊಡುತ್ತಿದ್ದರು. ಚೀಟಿ ಇಲ್ಲದಿದ್ದರೆ ನಮ್ಮ ವಾಚ್‌ಮನ್ ಸ್ವಂತ ಮಾವನನ್ನೂ ಹೊರಗೆ ಬಿಡುವವನಲ್ಲ. ಬಳ್ಳಾರಿಯ ಪ್ರೋಗ್ರಾಮರ್ ಪರದೆ ಮೇಲೆ ಇಟ್ಟಿದ್ದು ಒಂದು ಹೆಸರು, ‘ಮುಂದೆ’ ಅಂತ ಒಂದೇ ಬಟನ್. ಪಟ್ಟಿ ಮುಗಿದರೆ ಸದ್ದಿಲ್ಲದೆ ಮತ್ತೆ ಮೊದಲ ಹೆಸರಿಗೇ ಬರುತ್ತಿತ್ತು. ಹಾಗಾಗಿ ಒಂದು ದಿನ ಉಳಿದವರಿಗೆಲ್ಲ ಎರಡೆರಡು ಸಲ ಕರೆ, ಮೊದಲ ಹೆಸರಿನ ಕಟಿಂಗ್ ಮಾಸ್ಟರಿಗೆ ಮೂರು ಸಲ ಕರೆ, ಮೂರು ಚೀಟಿ.

“ಯಾಕ್ರಿ ಮಾಸ್ಟರ್, ಬ್ಯಾಡ ಅನ್ನಬಾರದೇನ್ರಿ?” ಅಂದೆ.

“ಕರದು ಕೊಟ್ಟಿದ್ದನ್ನ ಹೆಂಗ ಬ್ಯಾಡನ್ಲಿ? ಒಂದು ನನಗ, ಒಂದು ಊಟದ ಡಬ್ಬಿಗೆ, ಒಂದು ನನ್ನ ನೆರಳಿಗೆ.”

೨. ಒಬ್ಬರು ಬಿಟ್ಟು ಒಬ್ಬರು

ಪ್ರೋಗ್ರಾಮರ್ ಬಂದು ರಿಪೇರಿ ಮಾಡಿದ. ಈಗ ಎರಡು ಬಟನ್. ‘ಇನ್ನೂ ಇದ್ದಾರಾ?’ ಒತ್ತಿದರೆ ‘ಇದ್ದಾರೆ’ ಅಥವಾ ‘ಮುಗೀತು’ ಅನ್ನುತ್ತೆ. ‘ಮುಂದೆ’ ಒತ್ತಿದರೆ ಹೆಸರು ಬರುತ್ತೆ. ಅವತ್ತು ರಜೆ ಕೇಳಿದವರು ಹನ್ನೆರಡು ಜನ. ಆರು ಹೆಸರಿಗೇ ‘ಮುಗೀತು’ ಅಂತು.

ರೊಳ್ಳದ ಕಡೆಯ ಟೈಲರ್ ಅಕ್ಕ ಎದ್ದು ಸೂಪರ್‌ವೈಸರ್ ಹತ್ತಿರ ಬಂದಳು. “ಸಾರ್, ನನ್ ಹೆಸ್ರು ಬರ್ಲೇ ಇಲ್ವಲ್ಲ. ನಾಳೆ ಬೆಳಿಗ್ಗೆ ಮಗಳ ನಿಶ್ಚಿತಾರ್ಥ. ಮಡಕಶಿರಾದ ಬಸ್ಸು ಮೂರ್ ಗಂಟೆಗೆ, ಅದೇ ಕೊನೇದು.”

“ಪಟ್ಟಿ ಮುಗದೈತಮ್ಮ. ನೀನು ಹೆಸರು ಕೊಟ್ಟಿಲ್ಲ.”

“ಮಗಳನ್ನ ಹೆತ್ತಿದ್ದು ನಾನೇನಾ, ಅದನ್ನೂ ಅದ್ರಲ್ಲೇ ನೋಡಿ ಹೇಳಿ ಸಾರ್.”

ಕಟಿಂಗ್ ಮಾಸ್ಟರನ್ನೂ ಕರೆದಿರಲಿಲ್ಲ. “ಇರ್ಲಿ ಬಿಡ್ರಿ, ಹೋದ ಸಲದ್ದು ಎರಡು ಉಳದಾವ” ಅಂತ ಗೇಟಿಗೆ ನಡೆದರು. ವಾಚ್‌ಮನ್ ತಾರೀಕು ನೋಡಿ, ಡಬ್ಬಿ, ನೆರಳು ಸಮೇತ ವಾಪಸ್ ಕಳಿಸಿದ.

೩. ಮಿರ್ಚಿ ಪಾಠ

ನಾನು ಸೂಪರ್‌ವೈಸರ್ ಹಿಂದೆ ನಿಂತು ನೋಡಿದ್ದೆ. ‘ಇದ್ದಾರಾ’ ಅಂತ ಕೇಳಿದಾಗಲೇ ಆ ಯಂತ್ರ ಒಬ್ಬರನ್ನು ದಾಟಿಬಿಡುತ್ತಿತ್ತು. ‘ಮುಂದೆ’ ಒತ್ತಿದರೆ ಅವರ ಆಚೆಯವರ ಹೆಸರು. ಅಕ್ಕನನ್ನು ಕರೆದುಕೊಂಡು ಕ್ಯಾಂಟೀನಿಗೆ ಹೋದೆ. ಪ್ರೋಗ್ರಾಮರ್ ಮಂಡಕ್ಕಿ ಮಿರ್ಚಿ ಮುಂದೆ ಕೂತಿದ್ದ.

“ಮಿರ್ಚಿ ಇನ್ನೂ ಅದಾವೇನ್ರಿ?” ಅಂತ ಒಂದು ಬಾಯಿಗೆ ಹಾಕಿದೆ. “ಅದಾವ್ರಿ.” ಮತ್ತೆ ಕೇಳಿದೆ, ಮತ್ತೊಂದು ಹಾಕಿದೆ. ಹೀಗೆ ಒಂಬತ್ತು. ಸರಿ, ನಾಲ್ಕು.

“ಅದಾವೇನಂತ ಕೇಳಿ ಕೇಳಿ ಖಾಲಿ ಮಾಡಿದ್ರಲ್ರಿ?”

“ನಿಮ್ಮ ಬಟನ್ನೂ ಇದನ್ನ ಮಾಡಾಕತ್ತೈತ್ರಿ. ಕೇಳೋದು ಬ್ಯಾರೆ, ತಗೊಳ್ಳೋದು ಬ್ಯಾರೆ.”

ಅವನು ಕೈ ಸಹ ತೊಳೆಯದೆ ಓಡಿದ. ಆ ಕೀಬೋರ್ಡಿನ ಎಣ್ಣೆ ಇವತ್ತಿಗೂ ಹೋಗಿಲ್ಲ.

೪. ಬಸ್ಸು

ಬಟನ್ ಸರಿ ಮಾಡಿದ ಮೇಲೂ ಸೂಪರ್‌ವೈಸರಿಗೆ ನಂಬಿಕೆಯೇ ಬರಲಿಲ್ಲ. ‘ಇದ್ದಾರಾ’ ಅಂತ ಹತ್ತು ಸಲ ಒತ್ತಿ ನೋಡಿದರು, ಒಬ್ಬರೂ ಮಾಯವಾಗಲಿಲ್ಲ. ಮೂರನೇ ಹೆಸರಿಗೆ ಅಕ್ಕನ ಚೀಟಿ ಬಂತು, ಮೂರು ಗಂಟೆಗೆ ಐದು ನಿಮಿಷ ಇರುವಾಗ. ಸೂಪರ್‌ವೈಸರ್ ನನಗೂ ಒಂದು ಚೀಟಿ ಬರೆದುಕೊಟ್ಟರು, ಅವಳ ಚೀಲ ಹೊತ್ತು ನಾನೂ ಓಡಿದೆ. ಓಡಿದ್ದು ಅವಳು, ನಾನು ಹಿಂದೆ ಕೂಗುತ್ತಿದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಇನ್ನ ಯಾರರ ಅದೀರೇನ್ರಿ?” ಅನ್ನುತ್ತಲೇ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು. ಅಕ್ಕ ಬಾಗಿಲ ಕಂಬಿ ಹಿಡಿದು ಜೊತೆಗೇ ನಡೆಯುತ್ತಾ, “ಕೇಳೋದೇ ಬೇರೆ, ಬಿಡೋದೇ ಬೇರೆ ಅಣ್ಣ. ನಿಲ್ಸು. ನಮ್ ಕಂಪ್ಯೂಟ್ರು ಇವತ್ತು ಕಲೀತು, ನೀನ್ಯಾವಾಗ ಕಲಿಯೋದು?” ಅಂದಳು.

ಬಸ್ಸು ನಿಂತಿತು. ನಿಶ್ಚಿತಾರ್ಥವೂ ಆಯಿತು.

ಈಗ ನೋಡ್ರಿ, ‘ಇನ್ನೊಂದು ಟೀ ಐತೇನು’ ಅಂತ ನಾನು ಬರೀ ಕೇಳಿದ್ದು. ಅದು ಖಾಲಿ ಆಗಿದ್ದು ಹೇಗೋ ಗೊತ್ತಿಲ್ಲ. ಒಂಚೂರು ದುಡ್ಡು ನೀವೇ ಕೊಟ್ಟುಬಿಡ್ರಿ.