ಧಾಬಳಿಯ ಕೋಟು

ಬಟ್ಟೆ ಇರುವುದು ಮಾನ ಮುಚ್ಚಿಕೊಳ್ಳುವುದಕ್ಕೆ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ಮೋಟಾರ್ ಸೈಕಲ್ ಹತ್ತಿದವರಲ್ಲ. ಹತ್ತಿದ್ದರೆ, ಮಾನದ ಮಾತು ಆಮೇಲಿರಲಿ, ಮೊದಲು ಮೈ ಮುಚ್ಚಿಕೊಳ್ಳಪ್ಪಾ ಎನ್ನುತ್ತಿದ್ದರು. ಬಟ್ಟೆಯ ವಿಷಯದಲ್ಲಿ ನನಗೆ ಅಭಿಮಾನವೂ ಇಲ್ಲ, ಅಭಿರುಚಿಯೂ ಇಲ್ಲ. ಮದುವೆಗೆ ಹೊಲಿಸಿದ ಅಂಗಿಯನ್ನು ಮಗನ ನಾಮಕರಣಕ್ಕೂ, ಅವನ ಅಕ್ಷರಾಭ್ಯಾಸಕ್ಕೂ ಹಾಕಿಕೊಂಡು ಪುರೋಹಿತರಿಗೇ ಬೇಸರ ಬರಿಸಿದವನು ನಾನು. ಅಂಥವನು ಮೈಗೆ ಹಾಕುವ ಒಂದು ಕೋಟಿನ ಸಲುವಾಗಿ ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಂಡೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ನಮ್ಮ ಮನೆ ಯಲಹಂಕದಲ್ಲಿ, ಕಚೇರಿ ಹೆಬ್ಬಾಳದಲ್ಲಿ. ಊರೂರಿಗೆ ಹೋಗಿ ರೈತರಿಗೆ ಒಳ್ಳೆಯ ಬಿತ್ತನೆ ಬೀಜ ಕೊಟ್ಟು, ಬಿತ್ತುವ ಕ್ರಮ ಹೇಳಿ ಬರುವುದು ನನ್ನ ಕೆಲಸ. ಒಂದು ದಿನ ಅಮೃತಹಳ್ಳಿಯಾದರೆ ಇನ್ನೊಂದು ದಿನ ಮಾಕಳಿ. ಸೈಕಲ್ಲು ತುಳಿದು ಹೋದರೆ ರೈತರು ನನಗೆ ಮಜ್ಜಿಗೆ ಕೊಟ್ಟು ಸುಧಾರಿಸುವುದರಲ್ಲೇ ಹೊತ್ತು ಮುಳುಗುತ್ತಿತ್ತು. ಸಾಹೇಬರು ಒಂದು ದಿನ ಕರೆದು, ಮೋಟಾರ್ ಸೈಕಲ್ ಇಟ್ಟುಕೊಂಡವರಿಗೆ ಹೆಬ್ಬಾಳ, ಇಲ್ಲದವರಿಗೆ ರಾಯಚೂರಿನ ಕಡೆ ವರ್ಗ ಎಂದು ಸ್ಪಷ್ಟವಾಗಿ ಹೇಳಿಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಯಲ್ಲೇ ಇದ್ದಳು. ಅವಳ ದೇವರು, ಅವಳ ತುಳಸಿ, ಅವಳ ಬಾವಿ ಎಲ್ಲವೂ ಯಲಹಂಕದಲ್ಲಿ. ಅವನ್ನೆಲ್ಲ ರಾಯಚೂರಿಗೆ ಹೊತ್ತುಕೊಂಡು ಹೋಗುವುದಾದರೂ ಹೇಗೆ? ಹೀಗಾಗಿ ಬೀದಿಯ ಕೊನೆಯಲ್ಲಿದ್ದ ನಿವೃತ್ತ ಮಿಲಿಟರಿಯವರೊಬ್ಬರಿಂದ ಹಳೆಯ ಫಟಫಟಿಯನ್ನು ಕೊಂಡುಕೊಂಡೆ.

ಅಮ್ಮ ಅದಕ್ಕೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಒಂದೇ ಒಂದು ಷರತ್ತು ಹಾಕಿದಳು. "ನಿನ್ನ ಮೈ ಮೇಲೆ ರಕ್ತ ಕಂಡ ದಿನ ಈ ಗಾಡಿ ಈ ಮನೇಲಿ ಇರಕೂಡದು, ತಿಳೀತೇನೋ?" ನಾನು ತಿಳೀತು ಎಂದೆ. ಗಾಡಿ ಹೋದರೆ ರಾಯಚೂರು ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳೆಂದರೆ ಅವಳಿಗೆ ಎಷ್ಟು ಹೆದರಿಕೆಯಿತ್ತು ಎಂದು ನನಗೆ ಅರ್ಥವಾಯಿತು.

ಆಗ ಶುರುವಾಯಿತು ಏನು ಹಾಕಿಕೊಳ್ಳಬೇಕು ಎಂಬ ಚರ್ಚೆ. ಪಂಚೆಯಂತೂ ಮೊದಲ ದಿನವೇ ಚೈನಿಗೆ ಸಿಕ್ಕಿ, ಕೋಗಿಲು ತಿರುವಿನಲ್ಲಿ ನಾನು ಅರ್ಧ ಪಂಚೆಯವನಾಗಿ ನಿಂತಿದ್ದೆ. ಷರಾಯಿಗೆ ಬಂದೆ. ಬೆಳಗಿನ ಗಾಳಿ ಎದೆಗೆ ಹೊಡೆಯುತ್ತದೆ ಎಂದಾಗ ಕಚೇರಿಯ ಗೆಳೆಯರೊಬ್ಬರು, ಅಂಗಿಯೊಳಗೆ ಹಳೆಯ ಪೇಪರು ಮಡಿಸಿ ಇಟ್ಟುಕೊಳ್ಳಿ, ಗಾಳಿ ಒಳಗೆ ನುಗ್ಗಿದರೆ ಕೇಳಿ ಎಂದರು. ಗಾಳಿ ನುಗ್ಗಲಿಲ್ಲ ನಿಜ. ಆದರೆ ಸಾಹೇಬರ ಮುಂದೆ ನಿಂತು ಉಸಿರೆಳೆದಾಗಲೆಲ್ಲ ನನ್ನ ಎದೆ ಪರಪರ ಎನ್ನುತ್ತಿತ್ತು. ಅವರು ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಮರುಕದಿಂದ ಹೇಳಿದರು. ಆಮೇಲೆ ಪೇಪರು ಓದುವುದಕ್ಕಷ್ಟೇ ಸಾಕು ಎಂದುಕೊಂಡೆ.

ಗಾಡಿ ಮಾರಿದ ಮಿಲಿಟರಿಯವರು ಪುಣ್ಯಾತ್ಮರು. ಕೊಂಡವನ ಯೋಗಕ್ಷೇಮ ಮಾರಿದವನದೇ ಎಂದು ನಂಬಿದ್ದರು. ತಮ್ಮ ಹಳೆಯ ಚರ್ಮದ ಕೋಟನ್ನು ತಂದು, ಇದಿಲ್ಲದೆ ಹೊರಡಬೇಡಿ, ಬಿದ್ದರೆ ಡಾಂಬರು ಮೊದಲು ಇದನ್ನು ತಿನ್ನಬೇಕು, ಆಮೇಲೆ ನಿಮ್ಮನ್ನು ಎಂದು ಹೇಳಿ ಪುಕ್ಕಟೆಯಾಗಿ ಕೊಟ್ಟರು. ಅಮ್ಮ ಅದನ್ನು ಬಾಗಿಲಲ್ಲೇ ತಡೆದಳು. ಚಪ್ಪಲಿಯೂ ಚರ್ಮದ್ದೇ ಅಲ್ಲವೇನಮ್ಮಾ ಎಂದು ವಾದಿಸಿದೆ. ಚಪ್ಪಲಿ ಎಲ್ಲಿರುತ್ತೋ ಕೋಟೂ ಅಲ್ಲೇ ಇರಲಿ ಎಂದಳು. ಕೋಟು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದ ಗೂಟಕ್ಕೆ ಹೋಯಿತು. ಹಸು ಅದನ್ನು ಎರಡು ದಿನ ಅನುಮಾನದಿಂದ ನೋಡಿ, ಮೂರನೆಯ ದಿನ ತೋಳನ್ನು ನೆಕ್ಕತೊಡಗಿತು.

ಮಗನ ಕೋಟನ್ನು ಹಸು ನೆಕ್ಕುತ್ತಿದ್ದುದನ್ನು ಕಂಡು ಅಮ್ಮನ ಮನಸ್ಸು ಕರಗಿತು. ಅದನ್ನು ಶುದ್ಧಿ ಮಾಡಿ ಒಳಗೆ ಬಿಟ್ಟುಕೊಳ್ಳುವುದೆಂದು ತೀರ್ಮಾನಿಸಿದಳು. ನಾನು ಮಾಕಳಿಗೆ ಬಸ್ಸಿನಲ್ಲಿ ಹೋಗಿದ್ದ ದಿನ, ದೊಡ್ಡ ಕೊಳದಪ್ಪಲೆಗೆ ನೀರು ತುಂಬಿ, ಅರಿಶಿನ, ಬೇವಿನ ಸೊಪ್ಪು, ಸೀಗೆಪುಡಿ ಕಲಸಿ, ಸ್ವಲ್ಪ ಗೋಮೂತ್ರವನ್ನೂ ಬೆರೆಸಿ, ಕೈ ತಾಗಿಸದೆ ಕೋಲಿನಿಂದಲೇ ಕೋಟನ್ನು ಒಳಗೆ ಅದ್ದಿದಳು. ದಿನವಿಡೀ ನೆನೆಸಿ ಮರುದಿನ ಬಿಸಿಲಿಗೆ ಹಾಕಿದಳು. ಚರ್ಮವನ್ನು ಎಂದೂ ಮನೆಯೊಳಗೆ ಬಿಟ್ಟುಕೊಳ್ಳದವಳಿಗೆ ಚರ್ಮಕ್ಕೆ ನೀರು ಆಗದು ಎಂದು ತಿಳಿಯುವುದಾದರೂ ಹೇಗೆ? ಒಣಗಿದ ಮೇಲೆ ಆ ಕೋಟು ಯಾರ ಆಸರೆಯೂ ಇಲ್ಲದೆ ತಾನಾಗಿಯೇ ನಿಲ್ಲುತ್ತಿತ್ತು. ನಾನು ಕಷ್ಟಪಟ್ಟು ಒಳಹೊಕ್ಕೆ. ಹೊಕ್ಕ ಮೇಲೆ ತೋಳುಗಳು ಕೆಳಗಿಳಿಯಲಿಲ್ಲ. ನನ್ನ ಹೆಂಡತಿ ಶಾರದ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ನಗದೆ ನಿಂತದ್ದು ಅಮ್ಮ ಒಬ್ಬಳೇ. ಅವಳ ಕಣ್ಣು ತುಂಬಿತ್ತು.

ಮರುದಿನ ಅಮ್ಮ ದೇವರಮನೆಯ ಮುಂದೆ ಮಡಿಬಟ್ಟೆ ಹಾಕಲು ಎತ್ತರದಲ್ಲಿ ಕಟ್ಟಿದ್ದ ಬಿದಿರಿನ ಗಳುವಿನಿಂದ ತನ್ನ ಧಾಬಳಿಯನ್ನು ಇಳಿಸಿ ತಂದು ನನ್ನ ಮುಂದಿಟ್ಟಳು. ಧಾಬಳಿ ಎಂದರೆ ಪೂಜೆಗೆ ಮಡಿಯಾಗಿ ಉಡುವ ಉಣ್ಣೆಯ ವಸ್ತ್ರ. ಅಪ್ಪ ಕೊಡಿಸಿದ್ದು, ಕುಂಕುಮದ ಬಣ್ಣ, ಕಂಬಳಿಯಷ್ಟು ದಪ್ಪ. ಹತ್ತಿಯ ಸೀರೆಯಾದರೆ ದಿನಾ ಒಗೆದು ಯಾರೂ ಮುಟ್ಟದಂತೆ ಒಣಹಾಕಬೇಕು, ಧಾಬಳಿಗೆ ಆ ಕಟ್ಟಳೆಯಿಲ್ಲ. ಅದು ಯಾವಾಗಲೂ ಮಡಿಯೇ. ಇದರಲ್ಲಿ ಕೋಟು ಹೊಲಿಸಿಕೋ, ಎರಡು ಪದರ ಹಾಕಿಸು ಎಂದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ.

ಬಜಾರಿನ ದರ್ಜಿ ಖಾದರ್ ಸಾಬರು ಬಟ್ಟೆಯನ್ನು ಬಿಚ್ಚಿ ನೋಡಿದವರೇ ಮಡಿಸಿ ಹಿಂದಕ್ಕೆ ಕೊಟ್ಟರು. ಇದು ಅಮ್ಮಾವ್ರು ಪೂಜೆಗೆ ಉಡೋದು, ನಮ್ಮ ಮನೇಲೂ ನಮಾಜಿನ ಬಟ್ಟೆ ಬೇರೆ ಇಡ್ತೀವಿ, ನನ್ನ ಕತ್ತರಿ ಇದರ ಮೇಲೆ ಏಳಲ್ಲ ಎಂದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಮನೆಗೆ ಬಂದು ಹೇಳಿದರೆ ಅಮ್ಮ ಸೆರಗು ಹೊದ್ದು ನನ್ನ ಜೊತೆ ಅಂಗಡಿಗೇ ನಡೆದು ಬಂದಳು. ಮೆಟ್ಟಿಲ ಕೆಳಗೆ ನಿಂತು, ಉಣ್ಣೆಗೆ ಮೈಲಿಗೆ ಇಲ್ಲ, ಹಾಕಪ್ಪಾ ಕತ್ತರಿ ಎಂದಳು. ನಾನು ಕೊನೆಯ ಅಸ್ತ್ರ ಬಿಟ್ಟೆ. "ಅಮ್ಮಾ, ಕತ್ತರಿಸಿ ಹೊಲಿದ ಬಟ್ಟೆ ಆಮೇಲೆ ಮಡಿಗೆ ಬರೋಲ್ಲ. ನಿನಗೇ ಗೊತ್ತಲ್ಲ?"

"ನನ್ನ ಮಡಿಗೆ ಬರದಿದ್ದರೆ ಹೋಗ್ಲಿ. ನಿನ್ನ ಮೈಗೆ ಬಂದ್ರೆ ಸಾಕು," ಎಂದಳು.

ಖಾದರ್ ಸಾಬರು ಟೇಪು ತೆಗೆದುಕೊಂಡರು. ಕೋಟು ಸೊಗಸಾಗಿ ಬಂತು. ದೂರದಿಂದ ನೋಡಿದರೆ ಸಾಧಾರಣ ಕೋಟು, ಕಚೇರಿಗೂ ಹಾಕಬಹುದು. ಹತ್ತಿರ ಬಂದರೆ ಕರ್ಪೂರದ ವಾಸನೆ. ಗುಮಾಸ್ತರೊಬ್ಬರು ನನ್ನ ಪಕ್ಕ ಬಂದಾಗಲೆಲ್ಲ ತಮಗೆ ತಿಳಿಯದಂತೆಯೇ ಕೈಮುಗಿಯುತ್ತಿದ್ದರು. ಕುತ್ತಿಗೆಗೆ ಚುಚ್ಚುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆ ಚಳಿಗಾಲದಲ್ಲಿ ಹೆಬ್ಬಾಳದ ಕೆರೆ ಏರಿಯ ಮೇಲೆ ಬೆಚ್ಚಗೆ ಹೋದವನು ನಾನೊಬ್ಬನೇ ಇರಬೇಕು.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಅಮೃತಹಳ್ಳಿಗೆ ಹೊರಟಿದ್ದೆ. ಆ ಊರಿನ ಮುನಿಯಪ್ಪನಿಗೆ ಹುರುಳಿಯ ಬೀಜ ಕೊಟ್ಟವನು ನಾನೇ. ಫಸಲು ಚೆನ್ನಾಗಿ ಬಂದಿತ್ತು. ಎಷ್ಟು ಚೆನ್ನಾಗಿ ಎಂದರೆ ಕಣದಲ್ಲಿ ಜಾಗ ಸಾಲದೆ, ಬರುವ ಹೋಗುವ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಅವನು ಗಿಡಗಳನ್ನು ರಸ್ತೆಗೇ ಹಾಸಿದ್ದ. ಅದನ್ನು ಕಂಡು ನನಗೆ ಹೆಮ್ಮೆ ಉಕ್ಕಿತು. ನನ್ನ ಬೀಜದ ಬೆಳೆಯನ್ನು ನಾನೇ ತುಳಿಯುವುದೇ ಎಂದು ಗಬಕ್ಕನೆ ಬ್ರೇಕು ಒತ್ತಿದೆ. ಒಣ ಹುರುಳಿಯ ಮೇಲೆ ಬ್ರೇಕು ಒತ್ತಬಾರದು ಎಂಬುದು ನನ್ನ ಪಾಠಗಳಲ್ಲಿ ಇರಲಿಲ್ಲ. ಗಾಡಿ ಒಂದು ಕಡೆ ಹೋಯಿತು. ನಾನು ಬಲಮಗ್ಗುಲಲ್ಲಿ ಹುರುಳಿ ಮುಗಿಯುವವರೆಗೂ ಜಾರಿ, ಆಮೇಲೆ ಬರೀ ಡಾಂಬರಿನ ಮೇಲೂ ಸ್ವಲ್ಪ ದೂರ ಹೋದೆ.

ಮುನಿಯಪ್ಪ ಓಡಿ ಬಂದು ಎತ್ತಿ ಕೂರಿಸಿದ. ಕೈಕಾಲು ಎಳೆದು ನೋಡಿ, ಎಲ್ಲವೂ ಇರಬೇಕಾದ ಕಡೆ ಇವೆ ಎಂದು ಖಾತ್ರಿಯಾದ ಮೇಲೆ ಬೇಸರದಿಂದ ಹೇಳಿದ. "ಏನ್ ಸಾಮಿ ನೀವು, ಇಂಗೆ ಬ್ರೇಕ್ ಇಡೀತಾರಾ? ಗಾಡಿ ಓಡ್ಲಿ ಅಂತಾನೇ ಅಲ್ವಾ ನಾವ್ ಆಸಿರೋದು." ನೀರು ಕುಡಿಸಿ, ಕೂದಲಿನಿಂದ ಹೊಟ್ಟು ಕೊಡವಿ, ಹೇಗೂ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತೀರಲ್ಲ, ಹುರುಳಿಯ ಮೇಲೇ ನಿಧಾನವಾಗಿ ಹೋಗಿ ಎಂದೂ ಕೇಳಿಕೊಂಡ.

ಕೋಟಿನ ಬಲತೋಳು ಮೊಣಕೈಯಿಂದ ಹೆಗಲಿನವರೆಗೆ ತೇದುಹೋಗಿತ್ತು. ಒಳಗಿನ ಕೈಗೆ ಒಂದು ಗೀರೂ ಇರಲಿಲ್ಲ. ಆದರೆ ಷರಾಯಿ ಮೊಣಕಾಲಿನಲ್ಲಿ ಹರಿದು ರಕ್ತ ಬಂದಿತ್ತು. ರಕ್ತ ಎಂದರೆ ಗಾಡಿ ಇಲ್ಲ, ಗಾಡಿ ಇಲ್ಲವೆಂದರೆ ರಾಯಚೂರು. ಮನೆ ತಲುಪಿ, ಅಮ್ಮ ಹಿತ್ತಲಲ್ಲಿದ್ದ ಹೊತ್ತು ನೋಡಿ ಒಳಗೆ ನುಗ್ಗಿದೆ. ಕೋಟನ್ನು ಒಳಮಗ್ಗುಲು ತಿರುಗಿಸಿ ಗೂಟಕ್ಕೆ ಹಾಕಿ, ಮೊಣಕಾಲಿಗೆ ಬಟ್ಟೆ ಕಟ್ಟಿ, ಮೇಲೆ ಪಂಚೆ ಉಟ್ಟು ಸಾಧುವಿನಂತೆ ಓಡಾಡಿದೆ. ಊಟದ ಹೊತ್ತಿಗೆ ಸಿಕ್ಕಿಬಿದ್ದೆ. ನಮ್ಮಲ್ಲಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ. ನನ್ನ ಬಲಗಾಲು ನೆಟ್ಟಗೆ ಸಾರಿನ ಪಾತ್ರೆಯ ತನಕ ಚಾಚಿಕೊಂಡಿತ್ತು. ಅಮ್ಮ ಸೌಟು ಕೆಳಗಿಟ್ಟಳು.

ಅವಳು ಮೊಣಕಾಲು ನೋಡಿದಳು. ಎದ್ದು ಹೋಗಿ ಕೋಟು ನೋಡಿದಳು. ತೇದುಹೋದ ತೋಳಿನೊಳಗೆ ತನ್ನ ಕೈ ಹಾಕಿ, ಎಷ್ಟುದ್ದ ಎಂದು ಮೇಲಿನಿಂದ ಕೆಳಗೆ ಸವರಿದಳು. ನಾನು ಮನಸ್ಸಿನಲ್ಲೇ ರಾಯಚೂರಿಗೆ ಪೆಟ್ಟಿಗೆ ಕಟ್ಟುತ್ತಿದ್ದೆ.

"ಮೇಲಕ್ಕೆ ಮಾತ್ರ ಕೊಟ್ಟೆ. ಕೆಳಕ್ಕೆ ಕೊಡಬೇಕು ಅಂತ ಹೊಳೀಲಿಲ್ಲ," ಎಂದಳು. "ತಪ್ಪು ನಂದೇ. ಗಾಡಿ ಇರ್ಲಿ. ಊಟ ಮಾಡು."

ನಾನು ಅನ್ನ ಕಲಸುತ್ತಲೇ ಕೂತೆ. ಬೈದಿದ್ದರೆ ಆರಾಮವಾಗಿ ಉಣ್ಣುತ್ತಿದ್ದೆ.

ಮರುದಿನ ಕಾಲು ನೋವಿಗೆ ಬೇಗ ಎಚ್ಚರವಾಯಿತು. ಧನುರ್ಮಾಸದ ಪೂಜೆಯ ಹೊತ್ತಿಗೆ ನಾನು ಎಂದೂ ಎದ್ದವನಲ್ಲ, ಪೂಜೆ ಮುಗಿದು ಹುಗ್ಗಿ ಬರುವ ಹೊತ್ತಿಗೆ ಏಳುವವನು. ದೇವರಮನೆಯಲ್ಲಿ ದೀಪದ ಮುಂದೆ ಅಮ್ಮ ಕೂತಿದ್ದಳು. ಯಲಹಂಕದ ಆ ಮಂಜಿನಲ್ಲಿ ಹತ್ತಿಯ ಸೀರೆ ಒಣಗುವುದಿಲ್ಲ. ಒದ್ದೆಯನ್ನೇ ಉಟ್ಟಿದ್ದಳು. ಹೇಳುತ್ತಿದ್ದ ಸ್ತೋತ್ರದ ನಡುವೆ ಹಲ್ಲು ಕಟಕಟ ಎನ್ನುತ್ತಿತ್ತು. ಅವಳ ಬೆಚ್ಚಗಿನ ಉಣ್ಣೆ ನನ್ನ ಗೂಟದಲ್ಲಿ ನೇತಾಡುತ್ತಿತ್ತು. ನಾನು ಕುಂಟುತ್ತ ಹೋಗಿ ಒಲೆಗೆ ಬೆಂಕಿ ಹಾಕಿದೆ.

ಕಾಲು ಮಡಿಸಲು ಬಂದ ದಿನವೇ ಚಿಕ್ಕಪೇಟೆಗೆ ಹೋಗಿ ಅಂಥದೇ ಇನ್ನೊಂದು ಧಾಬಳಿ ತಂದೆ. ಇದಕ್ಕೆ ಕತ್ತರಿ ಸೋಕಿಸಿದರೆ ನಾನೇ ಗಾಡಿ ಮಾರುತ್ತೇನೆ ಎಂದು ಹೇಳಿಯೇ ಕೈಗೆ ಕೊಟ್ಟೆ. ಅಮ್ಮ ಉಟ್ಟು ನೋಡಿ, ಬೆಚ್ಚಗಿದೆ ಎಂದು ಮೆಚ್ಚಿದಳು. ಆಮೇಲೆ ತುದಿಯನ್ನು ಎತ್ತಿ ಹಿಡಿದು ಯೋಚಿಸಿದಳು. ತಾನು ಕುಳ್ಳಿ, ಇಷ್ಟುದ್ದ ಯಾಕೆ ಎಂದಳು. ಕತ್ತರಿ ಸೋಕಿಸಲಿಲ್ಲ, ಮಾತಿಗೆ ತಪ್ಪುವವಳಲ್ಲ. ಒಂದು ಎಳೆ ನೂಲನ್ನು ಹಿಡಿದು ಎಳೆದು, ತುದಿಯಿಂದ ಎರಡು ಪಟ್ಟಿಗಳನ್ನು ಕೈಯಲ್ಲೇ ಬಿಡಿಸಿ, ನನ್ನ ಮೊಣಕಾಲುಗಳಿಗೆ ಪೊಲೀಸಿನವರ ಪಟ್ಟಿಯಂತೆ ಸುತ್ತಿ ತೋರಿಸಿದಳು.

ಈಗ ನನ್ನ ಪಾಡು ಕೇಳಿ. ಕೋಟು ಹೊಲಿದದ್ದು, ಹಾಗಾಗಿ ಅದು ಗೂಟದಲ್ಲಿರುತ್ತದೆ. ಪಟ್ಟಿಗಳು ಹೊಲಿದವಲ್ಲ, ಆದ್ದರಿಂದ ಅವು ಪಕ್ಕಾ ಮಡಿ, ಅಮ್ಮನ ಧಾಬಳಿಯ ಪಕ್ಕದಲ್ಲಿ ಗಳುವಿನ ಮೇಲೆ. ಅವನ್ನು ಮುಟ್ಟಬೇಕಾದರೆ ಸ್ನಾನ ಆಗಿರಬೇಕು, ಕಾಫಿ ಆಗಿರಬಾರದು. ದಿನಾ ಬೆಳಿಗ್ಗೆ ತಲೆಯ ಮೇಲೆ ನೀರು ಸುರಿದುಕೊಂಡು, ನಡುಗುತ್ತ ಕೋಲಿನಿಂದ ಅವನ್ನು ಇಳಿಸಿ ಸುತ್ತಿಕೊಂಡು, ಆಮೇಲೆ ಕಾಫಿ ಕುಡಿದು ಗಾಡಿ ಒದೆಯುತ್ತೇನೆ. ಸಂಧ್ಯಾವಂದನೆ ಬಿಟ್ಟು ವರ್ಷಗಳಾದವು, ಹೋಟೆಲಿನ ಈರುಳ್ಳಿ ದೋಸೆಗೆ ಎಂದೂ ಬೆನ್ನು ತೋರಿಸಿಲ್ಲ. ಆದರೂ ಎದೆ ತಟ್ಟಿ ಹೇಳಬಲ್ಲೆ: ಯಲಹಂಕದಿಂದ ಯಶವಂತಪುರದವರೆಗೆ ಹುಡುಕಿದರೂ, ನನ್ನಷ್ಟು ಮಡಿಯ ಮೊಣಕಾಲು ಇನ್ನೊಬ್ಬನಿಗೆ ಇರಲಾರದು. ಉಳಿದ ಭಾಗದ ಬಗ್ಗೆ ಅಮ್ಮ ಇನ್ನೂ ಏನೂ ಕೇಳಿಲ್ಲ.